ತಡವಾಗಿ ಬಂದವರಿಗೂ ಜಾಗ ಕೊಟ್ಟ ಕಾಮಿಕ್ಸ್

ಸೂಪರ್‌ಹೀರೋ ಕಾಮಿಕ್ಸ್‌ನ ಹಳೆಯ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಒಂದು ಜಗಳ ತಪ್ಪಿದ್ದಲ್ಲ: ಅಂದಿನ ಕಾಮಿಕ್ಸ್ ಮೇಲೋ, ಇಂದಿನದು ಮೇಲೋ? ಅಂದಿನದೇ ಮೇಲು ಎನ್ನುವವರು ಫ್ಯಾಂಟಮ್, ಮಾಂಡ್ರೇಕ್, ಬಹಾದ್ದೂರ್ ಹೆಸರು ಹೇಳುತ್ತಾರೆ. ಕಥೆ ಸರಳವಾಗಿತ್ತು, ನಾಯಕನ ಮೇಲೆ ನಂಬಿಕೆ ಇಡಬಹುದಿತ್ತು ಎನ್ನುತ್ತಾರೆ. ಇಂದಿನದೇ ಮೇಲು ಎನ್ನುವವರು ಚಿತ್ರಗಳ ನಾಜೂಕು, ಬಣ್ಣಗಳ ಹದ, ಪಾತ್ರಗಳ ಮನಸ್ಸಿನ ಒಳತೋಟಿ ಇವುಗಳನ್ನು ಮುಂದಿಡುತ್ತಾರೆ. ಎರಡು ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಪುಟದ ಮೇಲೆ ಏನಿದೆ ಎಂಬುದನ್ನಷ್ಟೇ ನೋಡುತ್ತಿದ್ದಾರೆ. ಆ ಪುಟ ಯಾರಿಗಾಗಿ ಅಚ್ಚಾಗಿದೆ ಎಂದು ಕೇಳುತ್ತಿಲ್ಲ. ನನ್ನ ವಾದ ಇಷ್ಟು: ಹಳೆಯ ಸೂಪರ್‌ಹೀರೋ ಕಾಮಿಕ್ಸ್ ಅಪರಿಚಿತ ಓದುಗನಿಗಾಗಿ ಬರೆದದ್ದು, ಇಂದಿನದು ಬಹುಮಟ್ಟಿಗೆ ಪರಿಚಿತ ಓದುಗನಿಗಾಗಿ ಬರೆದದ್ದು. ಕಾಮಿಕ್ಸ್ ಲೋಕ ಕಳೆದುಕೊಂಡದ್ದೆಲ್ಲ ಈ ಒಂದು ಬದಲಾವಣೆಯಿಂದ. ಕನ್ನಡದ ಮಟ್ಟಿಗೆ ನಷ್ಟ ಇನ್ನೂ ದೊಡ್ಡದು. ನಮ್ಮಲ್ಲಿ ಓದುಗರಿದ್ದರು, ಅವರನ್ನು ಕೂರಿಸಿ ಬಡಿಸುವ ಮನೆಗಳೂ ಇದ್ದವು, ಆದರೂ ಅಡುಗೆ ಮಾತ್ರ ಬೇರೆಯವರ ಮನೆಯಿಂದ ಬರುತ್ತಿತ್ತು.

ಫ್ಯಾಂಟಮ್‌ನ ಒಂದು ಕಥೆಯ ಮೊದಲ ಪುಟವನ್ನು ನಿಧಾನವಾಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಲೀ ಫಾಕ್ 1936ರ ಫೆಬ್ರುವರಿಯಲ್ಲಿ ಈ ಪಾತ್ರವನ್ನು ದಿನಪತ್ರಿಕೆಯ ಪಟ್ಟಿಚಿತ್ರವಾಗಿ ಶುರುಮಾಡಿದರು. ಪತ್ರಿಕೆಗೆ ದಿನವೂ ಹೊಸ ಓದುಗ ಬರುತ್ತಾನೆ, ಅವನಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ. ಹಾಗಾಗಿ ಎಷ್ಟೋ ಕಥೆಗಳ ಆರಂಭದಲ್ಲಿ, ತಡವಾಗಿ ಬಂದು ಸೇರಿಕೊಂಡವರಿಗೆಂದೇ ಮೂರು ನಾಲ್ಕು ಚೌಕಟ್ಟುಗಳನ್ನು ಮೀಸಲಿಡುವ ರೂಢಿಯನ್ನು ಫಾಕ್ ಬೆಳೆಸಿಕೊಂಡರು. ಒಂದು ಚೌಕಟ್ಟಿನಲ್ಲಿ ಸುಮಾರು 400 ವರ್ಷಗಳ ಹಿಂದೆ ಕಡಲ್ಗಳ್ಳರು ಹಡಗಿನ ಮೇಲೆ ಬೀಳುತ್ತಾರೆ. ಮುಂದಿನದರಲ್ಲಿ ಬದುಕುಳಿದ ಒಬ್ಬನೇ ಒಬ್ಬ ದಡ ಸೇರಿ, ತಂದೆಯನ್ನು ಕೊಂದವನ ತಲೆಬುರುಡೆ ಹಿಡಿದು ಪ್ರಮಾಣ ಮಾಡುತ್ತಾನೆ. ಇನ್ನೊಂದರಲ್ಲಿ ಅಪ್ಪನ ಜಾಗಕ್ಕೆ ಮಗ, ಮಗನ ಜಾಗಕ್ಕೆ ಮೊಮ್ಮಗ ಬರುತ್ತಾರೆ. ಕಾಡಿನ ಜನ ಮಾತ್ರ ಅವನು ಸಾವಿಲ್ಲದ ಒಬ್ಬನೇ ಎಂದು ನಂಬುತ್ತಾರೆ. ಅಷ್ಟೇ. ಇಪ್ಪತ್ತೊಂದನೆಯ ಫ್ಯಾಂಟಮ್, ತಲೆಬುರುಡೆ ಗುಹೆ, ಬೆಳ್ಳಗಿನ ಕುದುರೆ ಹೀರೋ, ತೋಳ ಡೆವಿಲ್, ಒಂದು ಕೈಯಲ್ಲಿ ದುಷ್ಟರ ದವಡೆಯ ಮೇಲೆ ಗುರುತು ಮೂಡಿಸುವ ಉಂಗುರ, ಇನ್ನೊಂದರಲ್ಲಿ ಅಭಯದ ಉಂಗುರ: ಇವೆಲ್ಲ ಎಂಟು ವರ್ಷದ ಮಗುವಿಗೂ ಐದು ನಿಮಿಷದಲ್ಲಿ ಗೊತ್ತಾಗುತ್ತಿದ್ದವು. ಆಮೇಲೆ ಕಥೆ ಶುರು, ಸಂಚಿಕೆ ಮುಗಿಯುವಷ್ಟರಲ್ಲಿ ಕಥೆಯೂ ಮುಗಿತಾಯ.

ಈ ಸೌಜನ್ಯ ಪರದೇಶದ ಸರಕೇನಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಬೇತಾಳ ಕಥೆಗಳೂ ಇದನ್ನೇ ಮಾಡುತ್ತಿದ್ದವು. ತಿಂಗಳು ತಿಂಗಳೂ ರಾಜ ಮತ್ತೆ ಮರದ ಬಳಿ ಹೋಗುತ್ತಾನೆ, ಶವವನ್ನು ಹೆಗಲಿಗೇರಿಸುತ್ತಾನೆ, ಬೇತಾಳ ಹೊಸ ಕಥೆ ಹೇಳುತ್ತದೆ, ರಾಜ ಉತ್ತರ ಕೊಡುತ್ತಾನೆ, ಬೇತಾಳ ಮರಕ್ಕೆ ಮರಳುತ್ತದೆ. ಹಿಂದಿನ ನೂರು ಸಂಚಿಕೆ ಓದದವನಿಗೂ ಈ ತಿಂಗಳ ಕಥೆ ಪೂರ್ತಿ ದಕ್ಕುತ್ತದೆ. ಕಲಾವಿದ ಶಂಕರ್ ಬರೆದ ಆ ಒಂದು ಚಿತ್ರ, ಕೈಯಲ್ಲಿ ಕತ್ತಿ ಹಿಡಿದು ಹೆಗಲ ಮೇಲೆ ಹೆಣ ಹೊತ್ತ ರಾಜ, ಫ್ಯಾಂಟಮ್‌ನ ಬುರುಡೆ ಪ್ರಮಾಣದ ಚೌಕಟ್ಟು ಮಾಡುವ ಕೆಲಸವನ್ನೇ ಮಾಡುತ್ತಿತ್ತು. ಸೂಪರ್‌ಹೀರೋ ಕಾಮಿಕ್ಸ್ ನಮ್ಮ ಓದುಗರಿಗೆ ಸಲೀಸಾಗಿ ಒಗ್ಗಿಹೋದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಕಥೆ ಹೇಳುವ ಆ ಕ್ರಮ ನಮಗೆ ಮೊದಲೇ ಪರಿಚಿತವಾಗಿತ್ತು.

ಭಾರತದಲ್ಲಿ ಇಂಥ ಕಾಮಿಕ್ಸ್‌ಗೆ ಬಾಗಿಲನ್ನು ಅಗಲವಾಗಿ ತೆರೆದದ್ದು 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಹೊರತಂದ ‘ಇಂದ್ರಜಾಲ ಕಾಮಿಕ್ಸ್’. ಮೊದಲ ಸಂಚಿಕೆಯ ಬೆಲೆ 60 ಪೈಸೆ. ಇಂಗ್ಲಿಷ್, ಹಿಂದಿ, ಮರಾಠಿ, ಬಂಗಾಳಿಗಳ ಜೊತೆಗೆ ಕನ್ನಡದಲ್ಲೂ ಅದು ಬಂತು. ‘ಸುಧಾ’ ವಾರಪತ್ರಿಕೆಯ ಪುಟಗಳಲ್ಲೂ ಫ್ಯಾಂಟಮ್ ಮನೆಮನೆಗೆ ತಲುಪಿದ. ಇಂದ್ರಜಾಲದ ಸಂಪಾದಕರು ಮಾಡಿದ ಒಂದು ಕೆಲಸವನ್ನು ಇಲ್ಲಿ ಗಮನಿಸಬೇಕು. ಫಾಕ್ ಕಥೆಯಲ್ಲಿ ಫ್ಯಾಂಟಮ್‌ನ ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತಿತ್ತು, ಕಡಲ್ಗಳ್ಳರ ತಂಡದ ಹೆಸರು ಸಿಂಗ್, ಈಗಿನ ಫ್ಯಾಂಟಮ್‌ನ ತಂದೆಯನ್ನು ಕೊಂದ ಖಳನ ಹೆಸರು ರಾಮ. ಸಂಪಾದಕರು ನಾಡನ್ನು ಡೆಂಕಾಲಿ ಮಾಡಿದರು, ಸಿಂಗ್‌ನನ್ನು ಸಿಂಗಾ ಮಾಡಿದರು, ರಾಮನನ್ನು ರಾಮಲು ಮಾಡಿದರು. ಓದುಗನ ಮನಸ್ಸು ನೋಯಬಾರದು, ಓದು ತಡವರಿಸಬಾರದು ಎಂಬ ಕಾಳಜಿ ಅದರಲ್ಲಿತ್ತು. 1976ರಲ್ಲಿ ಇದೇ ಮಾಲೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಬಿದ್ ಸುರತಿ ಬರೆದು ಗೋವಿಂದ ಬ್ರಹ್ಮಾನಿಯಾ ಚಿತ್ರಿಸಿದ ಬಹಾದ್ದೂರ್ ಹುಟ್ಟಿದ. ಮುಖವಾಡವಿಲ್ಲ, ಹಾರುವ ಶಕ್ತಿಯಿಲ್ಲ. ಕೇಸರಿ ಕುರ್ತಾ, ಜೀನ್ಸ್ ತೊಟ್ಟ ಹಳ್ಳಿಯ ಯುವಕ. ಊರವರನ್ನೇ ಸಂಘಟಿಸಿ ಡಕಾಯಿತರನ್ನು ಎದುರಿಸುತ್ತಾನೆ. ಆ ಕಾಲದ ಓದುಗ ಪತ್ರಿಕೆಯ ಮೊದಲ ಪುಟದಲ್ಲಿ ಚಂಬಲ್ ಕಣಿವೆಯ ಸುದ್ದಿ ಓದುತ್ತಿದ್ದ, ಕಾಮಿಕ್ಸ್‌ನಲ್ಲಿ ಅದಕ್ಕೊಂದು ಉತ್ತರ ಕಾಣುತ್ತಿದ್ದ. 800ಕ್ಕೂ ಹೆಚ್ಚು ಸಂಚಿಕೆಗಳ ನಂತರ 1990ರಲ್ಲಿ ಇಂದ್ರಜಾಲ ನಿಂತಿತು.

ಆ ಮಾಲೆ ಶುರುವಾದ ಕಾಲಕ್ಕೆ ಅದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಮುಂದೆ ಅವರು ಕಟ್ಟಿದ ‘ಅಮರ ಚಿತ್ರ ಕಥೆ’ಯ ಇತಿಹಾಸದಲ್ಲಿ ಕನ್ನಡಿಗರು ಮರೆತಿರುವ ಒಂದು ಸಂಗತಿ ಇದೆ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1965ರ ಹೊತ್ತಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಮಕ್ಕಳಿಗೆ ಕನ್ನಡದಲ್ಲಿ ಕಾಮಿಕ್ಸ್ ಬೇಕು ಎಂದು ಹಟ ಹಿಡಿದು ಮಾಡಿಸಿದ ಕೆಲಸ ಅದು. ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳೇ ಆ ಹತ್ತು ಪುಸ್ತಕಗಳ ವಸ್ತು. ಅವು ಮಾರಾಟವಾದವು. ದೇಶೀಯ ಕಥೆಗಳ ಸರಣಿ ಇಂಗ್ಲಿಷ್‌ನಲ್ಲಿ ‘ಕೃಷ್ಣ’ದಿಂದ ಆರಂಭವಾದಾಗ ಅದರ ಮೇಲಿದ್ದ ಸಂಖ್ಯೆ 11; ಹಿಂದಿನ ಹತ್ತು ಕನ್ನಡಕ್ಕೆ ಸೇರಿದ್ದವು. ಭಾರತದ ಅತಿ ದೊಡ್ಡ ಕಾಮಿಕ್ಸ್ ಮಾಲೆಗೆ ಕನ್ನಡದ ಓದುಗರೇ ಮೊದಲ ಗಿರಾಕಿಗಳು. ಕನ್ನಡಿಗರು ಕಾಮಿಕ್ಸ್ ಕೊಳ್ಳುವುದಿಲ್ಲ ಎಂದು ಇಂದು ಪ್ರಕಾಶಕರು ಹೇಳುವ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಈಗ ಸೂಪರ್‌ಹೀರೋಗಳ ತವರಾದ ಅಮೆರಿಕದ ಕಡೆ ನೋಡೋಣ. 1938ರಲ್ಲಿ ಹತ್ತು ಸೆಂಟಿನ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನ ಹುಟ್ಟಿನ ಕಥೆಗೆ ಹಿಡಿದದ್ದು ಒಂದೇ ಪುಟ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ತಂದಾಗ ಜೇಡದ ಕಡಿತದಿಂದ ಹಿಡಿದು ಚಿಕ್ಕಪ್ಪನ ಸಾವು, ಪಶ್ಚಾತ್ತಾಪದವರೆಗೆ ಎಲ್ಲವೂ ಹನ್ನೊಂದು ಪುಟಗಳಲ್ಲಿ ಮುಗಿಯಿತು. ಆ ಹನ್ನೊಂದು ಪುಟಗಳಿಗಿಂತ ಬಿಗಿಯಾದ ಕಥನ ಈ ಪ್ರಕಾರದಲ್ಲಿ ಇಂದಿಗೂ ಅಪರೂಪ. ಪುಸ್ತಕಗಳು ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ, ದಿನಸಿ ಅಂಗಡಿಯಲ್ಲಿ, ಪೇಪರ್ ಸ್ಟಾಲಿನಲ್ಲಿ. ಮಗು ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಿತ್ತು. ಯಾವ ಸಂಚಿಕೆ ಸಿಕ್ಕರೂ ಅದರಲ್ಲಿ ಆದಿ, ಅಂತ್ಯ ಎರಡೂ ಇರಬೇಕಿತ್ತು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬುವರು ಪ್ರಕಾಶಕರಿಂದ ನೇರವಾಗಿ ಕಾಮಿಕ್ಸ್ ತರಿಸಿ, ಅದನ್ನೇ ಮಾರುವ ಅಂಗಡಿಗಳಿಗೆ ಹಂಚುವ ಏರ್ಪಾಟು ಮಾಡಿದರು. ಮಾರದ ಪ್ರತಿ ವಾಪಸು ಬರುವ ತಾಪತ್ರಯ ತಪ್ಪಿತು, ಪ್ರಕಾಶಕರಿಗೆ ಅದು ವರವಾಗಿಯೇ ಕಂಡಿತು. ಆದರೆ ಕಾಮಿಕ್ಸ್ ಅಂಗಡಿಗೆ ಹೋಗುವವನು ಕಾಮಿಕ್ಸ್‌ಗೆಂದೇ ಹೋಗುವವನು, ಅಂದರೆ ಆಗಲೇ ಅಭಿಮಾನಿಯಾದವನು. ದಿನಸಿ ತರಲು ಅಮ್ಮನ ಜೊತೆ ಬಂದ ಮಗುವಿನ ಕಣ್ಣಿಗೆ ಪುಸ್ತಕ ಬೀಳುವುದು ನಿಂತಿತು.

ಓದುಗ ಬದಲಾದ ಮೇಲೆ ಕಥೆಯೂ ಬದಲಾಯಿತು. 1984ರ ‘ಸೀಕ್ರೆಟ್ ವಾರ್ಸ್’, 1985ರ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಇವುಗಳೊಂದಿಗೆ ಒಂದು ಕಥೆ ಹತ್ತಾರು ಪುಸ್ತಕಗಳಿಗೆ ಹರಡುವ ಪದ್ಧತಿ ಬೇರುಬಿಟ್ಟಿತು. ಇಡೀ ಕಥೆ ಬೇಕೆಂದರೆ ಎಲ್ಲವನ್ನೂ ಕೊಳ್ಳಬೇಕು. ‘ಡಾರ್ಕ್ ನೈಟ್ ರಿಟರ್ನ್ಸ್’ ಮತ್ತು ‘ವಾಚ್‌ಮೆನ್’ 1986ರಲ್ಲಿ ಬಂದವು. ಎರಡೂ ನಿಜಕ್ಕೂ ದೊಡ್ಡ ಕೃತಿಗಳು. ಅವುಗಳಿಂದ ಪ್ರಕಾಶಕರು ಕಲಿಯಬೇಕಿದ್ದ ಪಾಠ ಶುರುವಾದ ಕಥೆಯನ್ನು ಮುಗಿಸಬೇಕು ಎಂಬುದು. ‘ವಾಚ್‌ಮೆನ್’ ಹನ್ನೆರಡು ಸಂಚಿಕೆಗಳಲ್ಲಿ ಮುಗಿದೇ ಹೋಗುತ್ತದೆ. ಅವರು ಕಲಿತದ್ದು ಕತ್ತಲೆ, ಕ್ರೌರ್ಯ, ಹಲ್ಲು ಕಚ್ಚಿದ ಮುಖ ಇವನ್ನು. ಸೂಪರ್‌ಮ್ಯಾನ್‌ನ ಸಾವಿನ ಸಂಚಿಕೆ 1992ರ ನವೆಂಬರ್‌ನಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮೊಹರಾಗಿ ಬಂತು. ಲಕ್ಷಾಂತರ ಜನ ಅದನ್ನು ಕೊಂಡರು, ಎಷ್ಟೋ ಜನ ಮುಂದೆ ಬೆಲೆ ಏರುತ್ತದೆಂದು ಚೀಲ ಬಿಚ್ಚಲೇ ಇಲ್ಲ. ಓದುವುದಕ್ಕಲ್ಲದೆ ಕಾದಿಡುವುದಕ್ಕಾಗಿ ಕೊಂಡ ಪುಸ್ತಕ ಅದು. ಮರುವರ್ಷ ಸೂಪರ್‌ಮ್ಯಾನ್ ಎದ್ದು ಬಂದ. ಬೆಲೆ ಏರುತ್ತದೆಂಬ ಈ ಗುಳ್ಳೆ ಒಡೆದು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಬೇಕಾಯಿತು. ಆಮೇಲೆ ಹೊಸ ಓದುಗನನ್ನು ಕರೆಯಲು ಅವರು ಕಂಡುಕೊಂಡ ದಾರಿ ಸಂಚಿಕೆಯ ಸಂಖ್ಯೆಯನ್ನು ಮತ್ತೆ ಒಂದರಿಂದ ಶುರುಮಾಡುವುದು. ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 1999, 2014, 2015, 2018, 2022, 2025, ಹೀಗೆ ಮೊದಲ ಸಂಚಿಕೆಗೆ ಮರಳುತ್ತಲೇ ಇದೆ. ಮುಖಪುಟದ ಮೇಲೆ ಒಂದು ಎಂದಿದ್ದರೂ ಒಳಗಿನ ಕಥೆಗೆ ಅರುವತ್ತು ವರ್ಷಗಳ ಬಾಕಿ ಲೆಕ್ಕ ಅಂಟಿಕೊಂಡೇ ಇರುತ್ತದೆ. ಇಪ್ಪತ್ತು ಚಿಲ್ಲರೆ ಪುಟಗಳಿಗೆ ನಾಲ್ಕರಿಂದ ಐದು ಡಾಲರ್ ಕೊಟ್ಟ ಮಗುವಿಗೆ ಸಿಗುವುದು ಕಥೆಯ ಆರನೇ ಒಂದು ಭಾಗ. ಲಕ್ಷ ಪ್ರತಿ ಮಾರಿದರೆ ಈಗ ಅದು ದೊಡ್ಡ ಗೆಲುವು. 1940ರ ದಶಕದಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಹತ್ತು ಲಕ್ಷ ದಾಟಿ ಮಾರುತ್ತಿತ್ತು.

ಇದೆಲ್ಲ ಬಾಲ್ಯದ ಮೋಹ, ಹಳೆಯದೆಲ್ಲ ಹೊನ್ನಾಗಿ ಕಾಣುತ್ತದೆ ಎಂಬ ಆಕ್ಷೇಪ ಬರುತ್ತದೆ. ಹಳೆಯ ಕಾಮಿಕ್ಸ್‌ನ ದೋಷಗಳನ್ನು ಮುಚ್ಚಿಡುವುದು ನನಗೆ ಬೇಕಿಲ್ಲ. ಫ್ಯಾಂಟಮ್ ಕಥೆಯ ಅಡಿಪಾಯದಲ್ಲೇ ಒಬ್ಬ ಬಿಳಿಯ ಇಡೀ ಕಾಡಿಗೆ ಕಾನೂನಾಗಿ ನಿಲ್ಲುವ ವಸಾಹತುಶಾಹಿ ಕಲ್ಪನೆ ಇದೆ. ಅಲ್ಲಿನ ಬುಡಕಟ್ಟಿನವರು ಅವನ ಮಾತಿಗೆ ತಲೆಯಾಡಿಸುವವರು, ತಮ್ಮ ಸಮಸ್ಯೆಯನ್ನು ತಾವೇ ಬಗೆಹರಿಸಿಕೊಳ್ಳಲು ಬಾರದವರು. ಆರಂಭದ ಮಾಂಡ್ರೇಕ್ ಕಥೆಗಳಲ್ಲಿ ಆ ಜಾದೂಗಾರನ ಜೊತೆಗಾರ ಲೋಥಾರ್ ಚಿರತೆಯ ಚರ್ಮ ಉಟ್ಟು ಹರಕುಮುರಕು ಭಾಷೆ ಆಡುವ ಆಳಾಗಿದ್ದ. ಅವನನ್ನು ಸಮಾನ ಗೆಳೆಯನಾಗಿಸಲು 1960ರ ದಶಕ ಬರಬೇಕಾಯಿತು. ಹೆಂಗಸರು ಬಹುತೇಕ ಕಡೆ ಅಪಹರಣಕ್ಕೊಳಗಾಗಲೆಂದೇ ಇದ್ದರು. ಈ ವಿಷಯಗಳಲ್ಲಿ ಇಂದಿನ ಕಾಮಿಕ್ಸ್ ಸಾವಿರ ಪಾಲು ಮೇಲು, ಅನುಮಾನವೇ ಇಲ್ಲ. ನಾನು ಹಳೆಯ ಕಾಮಿಕ್ಸ್‌ನಿಂದ ಉಳಿಸಿಕೊಳ್ಳಬೇಕೆನ್ನುವುದು ಅದರ ಲೋಕದೃಷ್ಟಿಯನ್ನಲ್ಲ. ಹೊಸಬನನ್ನು ಕೈಹಿಡಿದು ಕರೆತರುವ ಅದರ ಕ್ರಮವನ್ನು. ಲೋಕದೃಷ್ಟಿಯನ್ನು ಬದಲಿಸಲು ಆ ಕ್ರಮವನ್ನು ಬಿಡಬೇಕಾದ ಅಗತ್ಯ ಎಂದೂ ಇರಲಿಲ್ಲ.

ಹೊಸ ಕಾಲದ ಅತ್ಯುತ್ತಮ ಕೃತಿಗಳೇ ಇದಕ್ಕೆ ಸಾಕ್ಷಿ. 2005ರಲ್ಲಿ ಶುರುವಾದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ ತನ್ನ ಮೊದಲ ಪುಟದಲ್ಲೇ, ನಾಲ್ಕೇ ಚೌಕಟ್ಟುಗಳಲ್ಲಿ, ನಾಯಕನ ಮೂಲಕಥೆಯನ್ನು ಮುಗಿಸುತ್ತದೆ. ಸಾಯುವ ಗ್ರಹ, ಕೊನೆಯ ಭರವಸೆಯಾಗಿ ಆಕಾಶಕ್ಕೆ ಬಿಟ್ಟ ಮಗು, ಅದನ್ನು ಎತ್ತಿಕೊಂಡ ದಂಪತಿ. ಹನ್ನೆರಡು ಸಂಚಿಕೆಗಳಲ್ಲಿ ಕಥೆ ಸಂಪೂರ್ಣ. 2014ರಲ್ಲಿ ಸ್ವಂತ ಮಾಲೆ ಪಡೆದ ಕಮಲಾ ಖಾನ್ ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮನೆಯ ಹುಡುಗಿ. ಅವಳ ‘ಮಿಸ್ ಮಾರ್ವೆಲ್’ ಗೆದ್ದದ್ದು ಅವಳು ಮುಸ್ಲಿಂ ಹುಡುಗಿ ಎಂಬ ಹೊಸತನದಿಂದ ಮಾತ್ರವಲ್ಲ. ಹಿಂದಿನದೇನೂ ತಿಳಿಯದ ಓದುಗಿ ಅವಳ ಜೊತೆಜೊತೆಗೇ ಆ ಲೋಕಕ್ಕೆ ಕಾಲಿಡಬಹುದಿತ್ತು. 2024ರ ‘ಆಬ್ಸಲ್ಯೂಟ್ ಬ್ಯಾಟ್‌ಮನ್’ ಹಳೆಯ ಲೆಕ್ಕವನ್ನೆಲ್ಲ ಬದಿಗಿಟ್ಟು ಸಿರಿವಂತನಲ್ಲದ ಬ್ಯಾಟ್‌ಮನ್‌ನೊಂದಿಗೆ ಹೊಸದಾಗಿ ಶುರುಮಾಡಿತು, ಅಂಗಡಿಗಳಲ್ಲಿ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಬಾಗಿಲು ತೆರೆದಾಗಲೆಲ್ಲ ಜನ ಬಂದಿದ್ದಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು: ಕಾಮಿಕ್ಸನ್ನು ಕೊಂದದ್ದು ಟಿವಿ, ಆಮೇಲೆ ಮೊಬೈಲ್, ಅದಕ್ಕೆ ಯಾರು ಏನು ಮಾಡಲಾಗುತ್ತದೆ? ಟಿವಿಯೇ ಕಾರಣವಾಗಿದ್ದರೆ ಜಪಾನಿನಲ್ಲಿ ಕಾಮಿಕ್ಸ್ ಮೊದಲು ಸಾಯಬೇಕಿತ್ತು. ಅಲ್ಲಿ ‘ಶೋನೆನ್ ಜಂಪ್’ ವಾರಪತ್ರಿಕೆಯ ಪ್ರಸಾರ 1990ರ ದಶಕದ ಮಧ್ಯದಲ್ಲಿ, ಟಿವಿ ಮನೆಮನೆಯಲ್ಲೂ ಇದ್ದ ಕಾಲದಲ್ಲಿ, 65 ಲಕ್ಷ ದಾಟಿತ್ತು. ದೂರದ ಮಾತು ಬೇಡ, ಪಕ್ಕದ ತಮಿಳುನಾಡನ್ನೇ ನೋಡಬಹುದು. ಶಿವಕಾಶಿಯಿಂದ 1970ರ ದಶಕದ ಆರಂಭದಲ್ಲಿ ಹೊರಟ ‘ಮುತ್ತು ಕಾಮಿಕ್ಸ್’, 1984ರಲ್ಲಿ ಸೇರಿಕೊಂಡ ‘ಲಯನ್ ಕಾಮಿಕ್ಸ್’ ಇಂದಿಗೂ ತಮಿಳಿನಲ್ಲಿ ಬರುತ್ತಿವೆ. ಅದೇ ಟಿವಿ, ಅದೇ ಮೊಬೈಲ್ ತಮಿಳರ ಮನೆಯಲ್ಲೂ ಇದೆ. ಫ್ಯಾಂಟಮ್‌ನ ಮಾತನ್ನೇ ತೆಗೆದುಕೊಂಡರೆ, ಆಸ್ಟ್ರೇಲಿಯಾದಲ್ಲಿ ಫ್ರ್ಯೂ ಸಂಸ್ಥೆ 1948ರಿಂದ, ಸ್ವೀಡನ್ನಿನಲ್ಲಿ ‘ಫಾಂಟೊಮೆನ್’ ಪತ್ರಿಕೆ 1950ರಿಂದ ಅವನನ್ನು ಬಿಡದೆ ಅಚ್ಚುಹಾಕುತ್ತಿವೆ. ಸ್ವೀಡನ್ನಿನವರು ಅಮೆರಿಕದಿಂದ ಬಂದ ಕಥೆಗಳಿಗೆ ಕಾಯುತ್ತ ಕೂರಲಿಲ್ಲ, 1960ರ ದಶಕದಿಂದಲೇ ತಮ್ಮ ಲೇಖಕರು, ತಮ್ಮ ಕಲಾವಿದರಿಂದ ಫ್ಯಾಂಟಮ್ ಕಥೆ ಬರೆಸತೊಡಗಿದರು. ನಾಯಕ ಎರವಲು, ಕಥೆ ಸ್ವಂತದ್ದು. ನಮ್ಮಲ್ಲಿ ಇಂದ್ರಜಾಲ ನಿಂತಾಗ ಫ್ಯಾಂಟಮ್‌ನ ಕನ್ನಡ ಪುಸ್ತಕಗಳೂ ನಿಂತವು, ಏಕೆಂದರೆ ಅವನಿಗೆ ಕನ್ನಡದಲ್ಲಿ ಒಂದು ಹೊಸ ಕಥೆ ಬರೆಯುವ ಕೈ ಇರಲಿಲ್ಲ.

ಬೇರೆ ಭಾಷೆಗಳಲ್ಲಿ ಆ ಕೈ ಇತ್ತು. ಬಂಗಾಳಿಯಲ್ಲಿ ನಾರಾಯಣ ದೇಬನಾಥ್ 1965ರಲ್ಲಿ ‘ಶುಕ್ತಾರಾ’ ಪತ್ರಿಕೆಗೆ ಬಾಂಟುಲ್ ಎಂಬ ಬಲಶಾಲಿಯನ್ನು ಸೃಷ್ಟಿಸಿದರು: ಬನಿಯನ್ನು, ಚಡ್ಡಿ, ಬರಿಗಾಲು, ಉಬ್ಬಿದ ಎದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಅವನು ಟ್ಯಾಂಕು, ವಿಮಾನಗಳನ್ನೇ ಎದುರಿಸುವಷ್ಟು ಬೆಳೆದಿದ್ದ. ಓದುಗರ ಆತಂಕಕ್ಕೆ ತಕ್ಕಂತೆ ಅವನ ಶಕ್ತಿಯೂ ಏರಿತು. ಒಬ್ಬನೇ ಕಲಾವಿದ ದಶಕಗಳ ಕಾಲ ಒಂದೇ ಪತ್ರಿಕೆಯ ಆಸರೆಯಲ್ಲಿ ಬರೆದುಕೊಂಡು ಹೋದದ್ದರಿಂದ ಇದು ಆಯಿತು. ಹಿಂದಿಯಲ್ಲಿ ಪ್ರಾಣ್ ಅವರ ಚಾಚಾ ಚೌಧರಿಯ ಬೆನ್ನಿಗೆ ಗುರುಗ್ರಹದ ಸಾಬು ನಿಂತ. 1980ರ ದಶಕದ ಉತ್ತರಾರ್ಧದಲ್ಲಿ ರಾಜ್ ಕಾಮಿಕ್ಸ್‌ನ ನಾಗರಾಜ್, ಸೂಪರ್ ಕಮಾಂಡೋ ಧ್ರುವ ಬಂದರು. ಆ ನಾಗರಾಜ್‌ಗೆ ಮೊದಲ ರೂಪ ಕೊಟ್ಟ ಪ್ರತಾಪ್ ಮುಳಿಕ್ ಪುಣೆಯವರು, ‘ಅಮರ ಚಿತ್ರ ಕಥೆ’ಯ ಎಷ್ಟೋ ಪುಸ್ತಕಗಳಿಗೂ ಚಿತ್ರ ಬರೆದವರು. ಮಲಯಾಳಂನಲ್ಲಿ ಎನ್. ಸೋಮಶೇಖರನ್ ಮತ್ತು ಕಲಾವಿದ ಬೇಬಿ 1983ರಲ್ಲಿ ‘ಬಾಲಮಂಗಳಂ’ ಪತ್ರಿಕೆಗೆ ಡಿಂಕನ್ ಎಂಬ ಮಹಾಶಕ್ತಿಯ ಇಲಿಯನ್ನು ಕೊಟ್ಟರು. ಅದೇ ಇಲಿ ಕನ್ನಡ ‘ಬಾಲಮಂಗಳ’ದಲ್ಲಿ ಡಿಂಗನಾಗಿ ಬಂದು, ಕಾಡಿನ ಪ್ರಾಣಿಗಳು ಕಷ್ಟಕ್ಕೆ ಸಿಕ್ಕಾಗಲೆಲ್ಲ ಹಾರಿ ಬಂದು, ಒಂದು ತಲೆಮಾರಿನ ಕನ್ನಡದ ಮಕ್ಕಳ ಪ್ರೀತಿ ಗಳಿಸಿತು. ಇಂದು ನಲುವತ್ತರ ಆಸುಪಾಸಿನಲ್ಲಿರುವ ಕರಾವಳಿ, ಮಲೆನಾಡಿನ ಓದುಗರಿಗೆ ಡಿಂಗ ಎಂದರೆ ಸಾಕು, ವಿವರಣೆ ಬೇಡ. ಆದರೆ ಡಿಂಗನನ್ನು ಬರೆಯುತ್ತಿದ್ದದ್ದು ಕೇರಳದಲ್ಲಿ. ಅಲ್ಲಿ ಪತ್ರಿಕೆ ನಿಂತ ಮೇಲೆ ಇಲ್ಲಿ ಮುಂದುವರಿಸುವ ದಾರಿಯೇ ಇರಲಿಲ್ಲ. ಫ್ಯಾಂಟಮ್‌ಗೆ ಆದದ್ದೇ ಡಿಂಗನಿಗೂ ಆಯಿತು.

ಕನ್ನಡಕ್ಕೆ ಇಂಥ ಜನಪ್ರಿಯ ಬರವಣಿಗೆ ಒಗ್ಗದು ಎನ್ನುವವರು ಎನ್. ನರಸಿಂಹಯ್ಯನವರನ್ನು ನೆನೆಯಬೇಕು. ಪ್ರಾಥಮಿಕ ಶಾಲೆಯ ಓದನ್ನೂ ಪೂರ್ತಿ ಮಾಡದ ಆ ಮನುಷ್ಯ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮ ಅಗ್ಗದ ಕಾಗದದ ಮೇಲೆ ಅಚ್ಚಾಗಿ, ಬಸ್ ಸ್ಟ್ಯಾಂಡ್‌ಗಳಲ್ಲಿ ಮಾರಾಟವಾಗಿ, ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ದಾಟಿ, ಅಕ್ಷರ ಕಲಿತರೂ ಓದಿನ ರುಚಿ ಹತ್ತದ ಸಾವಿರಾರು ಜನರನ್ನು ಓದುಗರನ್ನಾಗಿಸಿದ. ಒಂದೇ ನಾಯಕ, ಪ್ರತಿ ಪುಸ್ತಕಕ್ಕೂ ಹೊಸ ಸಂಕಟ, ಕೊನೆಯ ಪುಟಕ್ಕೆ ಪೂರ್ತಿ ಪರಿಹಾರ, ಕೈಗೆಟುಕುವ ಬೆಲೆ. ಸೂಪರ್‌ಹೀರೋ ಕಾಮಿಕ್ಸ್‌ಗೆ ಬೇಕಾದ ಎಲ್ಲವೂ ಅದರಲ್ಲಿತ್ತು, ಚಿತ್ರವೊಂದನ್ನು ಬಿಟ್ಟು. ಆ ಕಾದಂಬರಿಗಳನ್ನು ಸಾಹಿತ್ಯದ ಹೊಸಿಲಿನ ಹೊರಗೇ ಇಟ್ಟ ನಮ್ಮ ವಿಮರ್ಶೆ, ಅವುಗಳ ಮುಂದಿನ ಹೆಜ್ಜೆಯಾಗಬಹುದಿದ್ದ ಚಿತ್ರಕಥೆಯನ್ನೂ ಮಕ್ಕಳಾಟವೆಂದು ತಳ್ಳಿಹಾಕಿತು. ಈ ತಾತ್ಸಾರದ ಬೆಲೆಯನ್ನು ನಾವು ಇಂದೂ ತೆರುತ್ತಿದ್ದೇವೆ.

ಭೀಮ, ಹನುಮಂತ, ಅಭಿಮನ್ಯು ಇರುವ ನಾಡಿಗೆ ಸೂಪರ್‌ಹೀರೋ ಏಕೆ ಎಂಬ ಪ್ರಶ್ನೆಯೂ ಇದೆ. ಯಕ್ಷಗಾನದ ರಂಗದ ಮೇಲೆ ಭೀಮ ಗದೆ ಎತ್ತಿದಾಗ ಆಗುವ ರೋಮಾಂಚನವನ್ನು ಯಾವ ಕಾಮಿಕ್ಸೂ ಕೊಡಲಾರದು, ಒಪ್ಪುತ್ತೇನೆ. ಆದರೆ ಪುರಾಣದ ವೀರನ ಕಥೆ ಎಲ್ಲಿ ಮುಗಿಯುತ್ತದೆಂದು ಎಲ್ಲರಿಗೂ ಗೊತ್ತು. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲ. ಅವನನ್ನು ನಾಳೆ ಬೆಳಿಗ್ಗೆಯ ಮರಳು ಲೂಟಿಗೆ, ಆನ್‌ಲೈನ್ ವಂಚನೆಗೆ, ಬತ್ತಿದ ಕೆರೆಗೆ ಎದುರು ನಿಲ್ಲಿಸಲಾಗದು. ಸೂಪರ್‌ಹೀರೋನ ಕೆಲಸವೇ ಅದು: ಗೊತ್ತಿರುವ ನಾಯಕ, ಗೊತ್ತಿಲ್ಲದ ನಾಳೆ. ‘ಅಮರ ಚಿತ್ರ ಕಥೆ’ ಕೃಷ್ಣದೇವರಾಯನನ್ನು, ಟಿಪ್ಪುವನ್ನು ಮಕ್ಕಳಿಗೆ ಕೊಟ್ಟಿತು, ಅದು ಅಮೂಲ್ಯ. ಆದರೆ ಅಲ್ಲಿನ ಕಥೆಗಳೆಲ್ಲ ಹಿಂದೆ ಆಗಿಹೋದವು. ಇಂದಿನ ಕನ್ನಡ ಊರಿನಲ್ಲಿ ಇಂದು ನಡೆಯುವ ಸಾಹಸಕ್ಕೆ ಆ ಮಾಲೆಯಲ್ಲಿ ಜಾಗವಿರಲಿಲ್ಲ, ಬೇರೆ ಯಾರೂ ಆ ಜಾಗ ಮಾಡಲಿಲ್ಲ.

ಸಿನಿಮಾ ಆ ಕೆಲಸ ಮಾಡುತ್ತಿದೆಯಲ್ಲ ಎಂದರೆ, ಮಾಡುತ್ತಿದೆ, ಬೇರೆಯವರ ಸಿನಿಮಾ. 2021ರ ‘ಮಿನ್ನಲ್ ಮುರಳಿ’ ಕೇರಳದ ಹಳ್ಳಿಯ ದರ್ಜಿಯೊಬ್ಬನನ್ನು ಸೂಪರ್‌ಹೀರೋ ಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ ‘ಲೋಕಾ’ ಚಿತ್ರದ ಸೂಪರ್‌ಹೀರೋ ಹೆಣ್ಣು, ಅವಳು ನಡೆದಾಡುವ ಊರು ಬೆಂಗಳೂರು, ಚಿತ್ರದ ಭಾಷೆ ಮಲಯಾಳಂ. ನಮ್ಮ ರಾಜಧಾನಿಯ ಬೀದಿಗಳಲ್ಲಿ ಒಬ್ಬ ಸೂಪರ್‌ಹೀರೋ ಇರಬಹುದೆಂದು ಮೊದಲು ಗಟ್ಟಿಯಾಗಿ ಕಲ್ಪಿಸಿಕೊಂಡವರು ಪಕ್ಕದ ನಾಡಿನವರು. 2006ರಲ್ಲಿ ಶುರುವಾದ ವರ್ಜಿನ್ ಕಾಮಿಕ್ಸ್‌ನ ಸ್ಟುಡಿಯೋ ಇದ್ದದ್ದೂ ಬೆಂಗಳೂರಿನಲ್ಲೇ. ‘ದೇವಿ’, ‘ಸಾಧು’ ಮುಂತಾದ ಮಾಲೆಗಳನ್ನು ನಮ್ಮ ಊರಿನ ಕಲಾವಿದರ ಕೈ ಇಂಗ್ಲಿಷ್‌ನಲ್ಲಿ, ಅಮೆರಿಕದ ಮಾರುಕಟ್ಟೆಗೆಂದು ಬರೆಯಿತು. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ತೆರೆಕಂಡಿತು, ಅದರಲ್ಲಿ ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಕನ್ನಡದಲ್ಲಿ ಮಾತಾಡಿದ. ಆ ಪವಿತ್ರ್ ಹುಟ್ಟಿದ್ದು 2004ರ ಒಂದು ಕಾಮಿಕ್ಸ್ ಪುಸ್ತಕದಲ್ಲಿ ಎಂಬುದನ್ನು ಮರೆಯಬಾರದು. ಸಿನಿಮಾದ ಸೂಪರ್‌ಹೀರೋಗಳಲ್ಲಿ ಹೆಚ್ಚಿನವರಿಗೆ ಬೀಜ ಸಿಕ್ಕಿದ್ದು ಕಾಗದದ ಮೇಲೆ, ಕಡಿಮೆ ಖರ್ಚಿನಲ್ಲಿ, ಹತ್ತು ಪ್ರಯೋಗ ಸೋತು ಒಂದು ಗೆದ್ದ ಕಡೆ. ನೂರಾರು ಕೋಟಿ ಸುರಿಯುವ ಸಿನಿಮಾಕ್ಕೆ ಸೋಲುವ ಸ್ವಾತಂತ್ರ್ಯವಿಲ್ಲ. ಕಾಮಿಕ್ಸ್‌ಗೆ ಇದೆ. ಅಲ್ಲದೆ ಸಿನಿಮಾ ತನ್ನ ವೇಗದಲ್ಲಿ ಓಡುತ್ತದೆ. ಕಾಮಿಕ್ಸ್‌ನಲ್ಲಿ ಮಗು ತನಗೆ ಬೇಕಾದ ಚೌಕಟ್ಟಿನ ಮೇಲೆ ಬೇಕಾದಷ್ಟು ಹೊತ್ತು ನಿಲ್ಲುತ್ತದೆ, ಮಾತಿನ ಗುಳ್ಳೆಯೊಳಗಿನ ಅಕ್ಷರಗಳನ್ನು ತಾನೇ ಕೂಡಿಸಿಕೊಳ್ಳುತ್ತದೆ.

ಕರ್ನಾಟಕದ ಹೊರಗಿನ ಕನ್ನಡ ಮನೆಗಳಿಗೆ ಈ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಉದಾಹರಣೆಗೆ, ಪುಣೆ ಜಿಲ್ಲೆಯ ಶಿರೂರು ಘೋಡ್ ನದಿಯ ದಂಡೆಯ ಊರು. ಅದೇ ತಾಲ್ಲೂಕಿನ ರಾಂಜಣಗಾಂವ್ ಕೈಗಾರಿಕಾ ಪ್ರದೇಶ ನಾನಾ ಕಡೆಯ ಕುಟುಂಬಗಳನ್ನು ಇಲ್ಲಿಗೆ ಸೆಳೆದಿದೆ, ಕನ್ನಡದವರನ್ನೂ. ಇಂಥ ಊರಿನಲ್ಲಿ ಬೆಳೆಯುವ ಕನ್ನಡದ ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್ ಓದುತ್ತದೆ. ಕನ್ನಡ ಕಿವಿಯಲ್ಲಿ ಉಳಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪುಣೆ ನಗರದಲ್ಲಾದರೂ ಕನ್ನಡ ಸಂಘವಿದೆ, ಕನ್ನಡ ಶಾಲೆಯಿದೆ. ಜಿಲ್ಲೆಯ ಈ ಕಡೆಗೆ ಅದೂ ದೂರ. ಮರಾಠಿಯಲ್ಲಿ ಭಾ.ರಾ. ಭಾಗವತರ ‘ಫಾಸ್ಟರ್ ಫೇಣೆ’ ಸಿಗುತ್ತಾನೆ, ಪುಣೆಯ ಹತ್ತಿರದ ಫುರಸುಂಗಿಯ ಹುಡುಗ, ಸೈಕಲ್ ಏರಿ ಸಾಹಸಕ್ಕೆ ಹೊರಡುವವನು. ಅವನ ಕಥೆ ಓದಿದ ಮಗುವಿಗೆ ಮರಾಠಿ ತನ್ನ ಭಾಷೆಯಾಗುತ್ತದೆ, ತಪ್ಪೇನಿಲ್ಲ. ಆದರೆ ಕನ್ನಡದ ಅಕ್ಷರದ ಕಡೆ ಅದನ್ನು ಎಳೆಯಲು ನಮ್ಮ ಬಳಿ ಏನಿದೆ? ವರ್ಣಮಾಲೆಯ ಪುಸ್ತಕ ಕೊಟ್ಟರೆ ಮಗು ಬದಿಗಿಡುತ್ತದೆ. ಕಾರಂತರ, ಕುವೆಂಪು ಅವರ ಕಾದಂಬರಿಗೆ ಇನ್ನೂ ಹತ್ತು ವರ್ಷ ಬೇಕು. ಆ ನಡುವಿನ ಹತ್ತು ವರ್ಷವನ್ನು ತುಂಬಬಲ್ಲದ್ದು ಚಿತ್ರವೇ ಮುಕ್ಕಾಲು ಕಥೆ ಹೇಳಿ, ಉಳಿದ ಕಾಲು ಪಾಲಿಗೆ ಅಕ್ಷರ ಓದಲೇಬೇಕಾಗುವ ಪುಸ್ತಕ. ಕಾಮಿಕ್ಸ್‌ಗಿಂತ ಒಳ್ಳೆಯ ಸೇತುವೆ ನನಗೆ ತಿಳಿದಿಲ್ಲ.

ಹಾಗಾಗಿ ಕನ್ನಡದ ಪ್ರಕಾಶಕರಲ್ಲಿ, ವಾರಪತ್ರಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ನೇರವಾದದ್ದು. ಬಿಡಿ ಪ್ರಯತ್ನಗಳು ಅಲ್ಲೊಂದು ಇಲ್ಲೊಂದು ಆಗುತ್ತಿವೆ, ಅವು ಸಾಲವು. ದುಬಾರಿ ಕಾಗದದ, ಪುಸ್ತಕ ಮೇಳಕ್ಕೆಂದು ಬರುವ ಗ್ರಾಫಿಕ್ ಕಾದಂಬರಿ ಈ ಕೆಲಸ ಮಾಡದು. ತಿಂಗಳಿಗೊಂದು ಪುಸ್ತಕ, 32 ಪುಟ, ಒಂದು ಸಂಚಿಕೆಗೆ ಒಂದು ಪೂರ್ಣ ಕಥೆ, ಮೊದಲ ಪುಟದಲ್ಲಿ ಹೊಸಬರಿಗೆ ನಾಯಕನ ಪರಿಚಯ, ಒಂದು ಕಪ್ ಕಾಫಿಯ ಬೆಲೆ. ನಾಯಕ ಹಾವೇರಿಯವನಿರಲಿ, ಕಾಸರಗೋಡಿನ ಹುಡುಗಿಯಿರಲಿ, ಸೊಲ್ಲಾಪುರದ ಗಡಿಯ ಊರಿನವರಿರಲಿ, ಅವರ ಕಷ್ಟಗಳು ಇಂದಿನವಾಗಿರಲಿ. ಬರೆದವರ, ಚಿತ್ರಿಸಿದವರ ಹೆಸರು ಮುಖಪುಟದ ಮೇಲೆ ಬರಲಿ, ಅವರಿಗೆ ಬದುಕುವಷ್ಟು ಸಂಭಾವನೆ ಸಿಗಲಿ. ಕನಿಷ್ಠ ಎರಡು ವರ್ಷ ಲಾಭ ನೋಡದೆ ನಡೆಸಿ. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟು ತಲಾ ನೂರು ಮನೆಗೆ ಚಂದಾ ಕಟ್ಟಿದರೆ ಮೊದಲ ಸಾವಿರ ಪ್ರತಿಗಳಿಗೆ ಓದುಗರು ಸಿಗುತ್ತಾರೆ. ಕನ್ನಡದ ಓದುಗರು 1965ರಲ್ಲಿ ಹತ್ತು ಪುಸ್ತಕ ಕೊಂಡು ತಮ್ಮ ಪಾಲಿನ ಕೆಲಸ ಮಾಡಿದ್ದರು. ಈಗ ಮೊದಲ ಹೆಜ್ಜೆ ಇಡಬೇಕಾದವರು ಪ್ರಕಾಶಕರು.